ಐರಿಶ್‌ನಲ್ಲಿ ನಾಲ್ಕು ಮಾತಾಡೋದು ನಾನು ಕಲಿತ ರೀತಿ

ಐರ್ಲೆಂಡ್‌ನ ಗಾಲ್ವೇಗೆ ಕೆಲಸಕ್ಕೆ ಬಂದಾಗ ಐರಿಶ್ ಭಾಷೆ ಬರ್ಲೇಬೇಕು ಅಂತೇನಿರ್ಲಿಲ್ಲ, ಎಲ್ಲಾ ಇಂಗ್ಲಿಷಲ್ಲೇ ನಡಿಯುತ್ತೆ, ಆದ್ರೆ ಪಶ್ಚಿಮಕ್ಕೆ ಸ್ಪಿಡಲ್ ದಾಟಿ ಕಾನಮಾರಾ ಕಡೆ ಹೋದ್ರೆ ಅಂಗಡೀಲಿ ಜನ ಇನ್ನೂ ಐರಿಶ್‌ನಲ್ಲೇ ಮಾತಾಡ್ಕೊಳ್ತಾರೆ, ಅದನ್ನ ಕೇಳಿ ಆಸೆ ಆಯ್ತು. ಆ್ಯಪ್‌ನಲ್ಲಿ ಪದ ಗೊತ್ತಾದ್ವು ಅಷ್ಟೇ, ಬಾಯಿಗೆ ಬಂದಿದ್ದು ‘ಕಿರ್ಕಲ್ ಕೋರಾ’ಗೆ ಹೋಗೋಕೆ ಶುರು ಮಾಡಿದ್ಮೇಲೆ, ಅಂದ್ರೆ ಟೀ ಕುಡೀತಾ ಐರಿಶ್‌ನಲ್ಲೇ ಹರಟೆ ಹೊಡಿಯೋ ಗುಂಪು.

ಈ ಭಾಷೇಲಿ ಹೌದು, ಇಲ್ಲ ಅನ್ನೋಕೆ ಪ್ರತ್ಯೇಕ ಪದಾನೇ ಇಲ್ಲ, ಕೇಳಿದ ಕ್ರಿಯಾಪದಾನೇ ವಾಪಸ್ ಹೇಳ್ಬೇಕು. ‘ಅ ವಿಲ್ ತೂ ತಿರ್ಶಾಖ್?’ ಸುಸ್ತಾಗಿದ್ಯಾ ಅಂದ್ರೆ ‘ತಾ’, ಇಲ್ದಿದ್ರೆ ‘ನೀಲ್’. ಆದ್ರೆ ‘ಅ ಮಾ ಲ್ಯಾತ್ ತೇ?’ ಟೀ ಇಷ್ಟಾನಾ ಅಂದ್ರೆ ತಾ ನಡಿಯಲ್ಲ, ‘ಇಸ್ ಮಾ’ ಅನ್ಬೇಕು. ಊಟ ಆಯ್ತಾ ಅಂದ್ರೆ ಆಯ್ತು ಅನ್ನೋರು ನಾವು, ಇದ್ರಲ್ಲಿ ಒದ್ದಾಡಿದ್ದು ಬರೀ ಇಂಗ್ಲಿಷ್ ಗೊತ್ತಿದ್ದೋರೇ.

ಪುಸ್ತಕದಲ್ಲಿ ನಮಸ್ಕಾರಕ್ಕೆ ‘ಜಿಯಾ ಗ್ವಿಚ್’ ಅಂತಿರುತ್ತೆ, ದೇವರು ನಿನ್ನ ಜೊತೆ ಇರ್ಲಿ ಅನ್ನೋ ಥರ, ಉತ್ತರ ಕೊಡೋರು ಜೊತೆಗೆ ಮೇರಿ ತಾಯಿನೂ ಸೇರಿಸ್ತಾರೆ. ನಾನಿರೋ ಕಡೆ ಜಾಸ್ತಿ ಕೇಳ್ಸೋದು ನೇರವಾಗಿ ‘ಕೇ ಖೀ ವಿಲ್ ತೂ?’, ಹೇಗಿದ್ದೀಯ ಅಂತ. ಇದೇ ಪ್ರಶ್ನೆ ದಕ್ಷಿಣದ ಮನ್‌ಸ್ಟರ್‌ನಲ್ಲಿ ‘ಕನಸ್ ತಾ ತೂ’, ಉತ್ತರದ ಡೊನೆಗಾಲ್‌ನಲ್ಲಿ ಇನ್ನೊಂದೇ ಥರ, ಹಂಗಾಗಿ ಮೊದ್ಲು ನಿಮ್ಮ ಸುತ್ತಮುತ್ತ ಕೇಳ್ಸೋದನ್ನೇ ಹಿಡ್ಕೊಳ್ಳಿ.

ನಂಗೆ ನಾಲಿಗೆ ತಡವರಿಸ್ತಿದ್ದಿದ್ದು ‘ತೂ’ ಅನ್ನೋವಾಗ. ಇಲ್ಲಿ ಗೌರವದ ನೀವು ಇಲ್ಲ, ಎಂಬತ್ತರ ಅಜ್ಜಿಗೂ ತೂನೇ, ‘ಶಿವ್’ ಅಂದ್ರೆ ಹಲವರಿಗೆ ಮಾತ್ರ. ಒಬ್ರಿಗೆ ಥ್ಯಾಂಕ್ಸ್ ಹೇಳೋವಾಗ ಕೊನೇಲಿ ‘ಅಗತ್’, ಗುಂಪಿಗಾದ್ರೆ ‘ಅಗಿವ್’, ಮರ್ಯಾದೆಗೆ ಅಂತ ಒಬ್ರಿಗೇ ಅಗಿವ್ ಅಂದ್ರೆ ಇನ್ಯಾರಿದಾರೆ ಅಂತ ಹಿಂದೆ ತಿರುಗಿ ನೋಡ್ತಾರೆ.

ಹೊರಡೋವಾಗ ಬರೀ ‘ಸ್ಲಾನ್’ ಅಂದ್ರೂ ಸಾಕು. ಸರಿಯಾಗಿ ಹೇಳ್ಬೇಕಂದ್ರೆ ಹೋಗೋರು ಉಳಿಯೋರಿಗೆ ‘ಸ್ಲಾನ್ ಅಗತ್’, ಉಳಿಯೋರು ಹೋಗೋರಿಗೆ ‘ಸ್ಲಾನ್ ಲ್ಯಾತ್’, ನಮ್ಮ ಹೋಗ್ಬರ್ತೀನಿ, ಹೋಗ್ಬನ್ನಿ ಇದ್ದಂಗೆ. ಫೋನಲ್ಲಿ ಯಾರು ಹೋಗೋರು ಯಾರು ಉಳಿಯೋರು ಅಂತ ಒಂದ್ಸಲ ಗುಂಪಲ್ಲಿ ಕೇಳ್ದೆ, ಅರ್ಧ ಗಂಟೆ ಅವರವರಲ್ಲೇ ವಾದ ಆಯ್ತು, ನಂಗೆ ಅವತ್ತು ಕೇಳ್ಸ್ಕೊಳ್ಳೋಕೆ ಒಳ್ಳೆ ಐರಿಶ್ ಸಿಕ್ತು.