ಹೊಸ್ತಿಲಾಚೆಯ ಗೋಣಿತಾಟು

ನಮ್ಮ ಮನೆಯಲ್ಲಿ ಡೈನಿಂಗ್ ಟೇಬಲ್ ಇದೆ. ಅದರ ಮೇಲೆ ಮಗನ ಸ್ಕೂಲ್ ಬ್ಯಾಗು, ಇಸ್ತ್ರಿಯ ಬಟ್ಟೆ, ಕರೆಂಟ್ ಬಿಲ್ಲು ಇರುತ್ತವೆ. ಊಟ ಮಾತ್ರ ನೆಲದ ಮೇಲೆ. ಚಕ್ಕಳಮಕ್ಕಳ ಹಾಕಿ ಕೂರದಿದ್ದರೆ ಮಾವನಿಗೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಇಂಥ ಮನೆಯಲ್ಲಿ ನಾಯಿ ಸಾಕಿದರೆ ತಟ್ಟೆಗೂ ಅದರ ಮೂತಿಗೂ ಗೇಣಿನಷ್ಟೂ ಅಂತರ ಇರುವುದಿಲ್ಲ.

ಗುಂಡ ನಾಟಿ ನಾಯಿ, ಮಳೆಯಲ್ಲಿ ನೆನೆದು ಗೇಟಿನ ಹತ್ತಿರ ಕೂತಿದ್ದ ಮರಿ. ಮಾವ ಪಕ್ಕದಲ್ಲೇ ಕೂರಿಸಿಕೊಂಡು ಮುದ್ದೆ ಚೂರನ್ನು ಸಾರಿಗೆ ಅದ್ದಿ ಬಾಯಿಗಿಡುತ್ತಿದ್ದರು. ಆಗ ನಮಗೆಲ್ಲ ಅದೊಂದು ಚೆಂದ. ವರ್ಷ ತುಂಬಿ 18 ಕೆಜಿ ಆದಾಗ ಚೆಂದ ಹೋಗಿ ಕಾಟ ಶುರುವಾಯಿತು. ತಟ್ಟೆ ಇಟ್ಟ ಸದ್ದಾದರೆ ಸಾಕು, ಕಾವಿ ನೆಲದ ಮೇಲೆ ಟಕಟಕ ಉಗುರು. ಗದ್ದ ನೇರ ಮಾವನ ಮಂಡಿ ಮೇಲೆ. ಊಟ ಮುಗಿಯುವಷ್ಟರಲ್ಲಿ ಪಂಚೆಯಲ್ಲಿ ಅಂಗೈಯಗಲ ಜೊಲ್ಲು.

ಯುಗಾದಿಯ ದಿನ ನೆಂಟರ ಮಗುವಿನ ಎಲೆಯಿಂದ ತುಪ್ಪ ಸುರಿದ ಎರಡು ಹೋಳಿಗೆ ಎಗರಿಸಿದ. ಮಗು ಕಿರುಚಿತು, ಅದರ ಅಮ್ಮ ಎಲೆ ಬಿಟ್ಟು ಎದ್ದರು. ಆ ರಾತ್ರಿಯಿಂದಲೇ ಗುಂಡನಿಗೆ ವಾಂತಿ. ಪಶುವೈದ್ಯರು ಬೈಯಲಿಲ್ಲ, ದಿನಾ ಏನೇನು ಹಾಕುತ್ತೀರಿ ಎಂದಷ್ಟೇ ಕೇಳಿದರು. ನಾನು ಹೇಳುತ್ತಾ ಹೋದಂತೆ ನನಗೇ ನಾಚಿಕೆಯಾಯಿತು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಬೆಂದ ಕೋಳಿಮೂಳೆ ಸಿಬಿರಾಗಿ ಕರುಳಿಗೆ ಚುಚ್ಚಬಹುದು. ಜಿಡ್ಡು ಅತಿಯಾದರೆ ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳುವ ಭಯ. ಪಾಯಸದ ಒಣದ್ರಾಕ್ಷಿ ಕಿಡ್ನಿಗೆ ಕುತ್ತು. ದ್ರಾಕ್ಷಿಯ ಈ ವಿಷಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಹೇಳಿದ್ದಾರೆ. ಆ ಆಮ್ಲ ನಮ್ಮ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಸಾರಿನಲ್ಲಿ ಇನ್ನು ನಾಯಿಗೆ ಆಗುವಂಥದ್ದು ಉಳಿದದ್ದು ಬೇಳೆ, ನೀರು ಅಷ್ಟೇ.

ಮನೆಗೆ ಬಂದು "ಇನ್ಮೇಲೆ ಯಾರೂ ತಟ್ಟೆಯಿಂದ ಕೊಡೋ ಹಾಗಿಲ್ಲ" ಎಂದೆ. ಮಾವ ತಲೆ ಎತ್ತದೆ, "ಊಟಕ್ಕೆ ಮುಂಚೆ ಒಂದು ತುತ್ತು ನಾಯಿಗೆ ಎತ್ತಿಡೋದು ನಮ್ಮಪ್ಪನ ಕಾಲದಿಂದ ಬಂದದ್ದು ಕಣಮ್ಮ. ಅದರ ಪಾಲು ತಪ್ಪಿಸಬೇಡ" ಎಂದರು. ನಾನು ಜಗಳಕ್ಕೇ ತಯಾರಾಗಿದ್ದೆ, ಆದರೆ ಈ ಮಾತಿಗೆ ಉತ್ತರವಿರಲಿಲ್ಲ. ಎರಡು ದಿನ ಬಿಟ್ಟು, "ಪಾಲು ಇರಲಿ ಮಾವ, ಹೊತ್ತು, ಜಾಗ ಬದಲಾಯಿಸೋಣ" ಎಂದು ಕೇಳಿಕೊಂಡೆ. ಸಾರು ಮುಟ್ಟದ ಬರೀ ಮುದ್ದೆ ಒಂದು ತುತ್ತು ಮೊದಲೇ ಬಟ್ಟಲಲ್ಲಿ ಎತ್ತಿಡುವುದು, ಎಲ್ಲರೂ ಉಂಡು ಕೈ ತೊಳೆದ ಮೇಲೆ ಹಿತ್ತಿಲಲ್ಲಿ ಮಾವನೇ ಹಾಕುವುದು. ಒಪ್ಪಿದರು. ನಾನು ಮಾಡಿದ್ದರಲ್ಲಿ ನಿಜವಾಗಿ ಕೆಲಸ ಮಾಡಿದ್ದು ಇದೊಂದೇ ಅನಿಸುತ್ತದೆ.

ಉಳಿದದ್ದು ಅಭ್ಯಾಸ. ನಡುಮನೆಯ ಹೊಸ್ತಿಲಾಚೆ ಒಂದು ಗೋಣಿತಾಟು ಹಾಸಿದೆ. ಊಟದ ಹೊತ್ತಲ್ಲಿ ಕಲಿಸಲು ಹೋಗಲಿಲ್ಲ. ಹಸಿವು, ವಾಸನೆ, ಜನ ಎಲ್ಲ ಸೇರಿದ ಹೊತ್ತು ಪಾಠಕ್ಕಲ್ಲ. ಸಂಜೆ ಕಾಫಿ ಕುಡಿಯುವ ಐದು ನಿಮಿಷದಲ್ಲಿ ಶುರು. ಗೋಣಿ ಮೇಲೆ ನಾಲ್ಕೂ ಕಾಲಿಟ್ಟರೆ ಬೆರಳುಗುರಿನಷ್ಟು ಬೇಯಿಸಿದ ಮೊಟ್ಟೆ, ಅದೂ ಗೋಣಿಯ ಮೇಲೆಯೇ. ಕೈಯಿಂದ ಕೊಟ್ಟರೆ ಕೈಯ ಹಿಂದೆಯೇ ಬರುತ್ತಾನೆ. ಎದ್ದು ಬಂದರೆ ಬೈಗುಳವಿಲ್ಲ, ಸುಮ್ಮನೆ ವಾಪಸ್. ಹತ್ತು ದಿನವಾದ ಮೇಲೆ ರಾತ್ರಿ ಊಟಕ್ಕೆ ಹಚ್ಚಿದೆ. ನಾವು ಕೂರುವ ಅರ್ಧ ಗಂಟೆ ಮುಂಚೆಯೇ ಅವನ ಊಟ ಮುಗಿದಿರುತ್ತಿತ್ತು.

ನಾಲ್ಕನೇ ರಾತ್ರಿ ಬೊಗಳಲು ಶುರು ಮಾಡಿದ. ನಿಲ್ಲಿಸಲೇ ಇಲ್ಲ. ಪಕ್ಕದ ಮನೆಯ ಕಿಟಕಿ ತೆರೆಯಿತು. ನನ್ನ ಯಜಮಾನರು ತಡೆಯಲಾರದೆ ಚಪಾತಿ ಚೂರು ಎಸೆದರು, ತಕ್ಷಣ ಸದ್ದಡಗಿತು. ಮರುದಿನ ಅದರ ಎರಡರಷ್ಟು ಬೊಗಳಿದ. ಯಾವಾಗಲೋ ಒಮ್ಮೆ ಸಿಗುವ ಫಲ ದಿನಾ ಸಿಗುವ ಫಲಕ್ಕಿಂತ ಗಟ್ಟಿಯಾಗಿ ಚಟ ಹಿಡಿಸುತ್ತದೆಂದು ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಪಾರಿವಾಳಗಳಲ್ಲಿ ತೋರಿಸಿದ್ದ. ನಮ್ಮ ಮನೆಯವರು ಅದನ್ನು ಒಂದು ಚಪಾತಿಯಲ್ಲಿ ತೋರಿಸಿದರು. ಬಿಡಬೇಕಾದ ಚಟ ಬಿಡುವ ಮೊದಲು ಕೆಲವೊಮ್ಮೆ ಹೀಗೆ ಉಕ್ಕುವುದುಂಟು. ಆಗ ಕೊಟ್ಟಿರೋ, "ಇಷ್ಟು ಜೋರಾಗಿ ಬೊಗಳಬೇಕು" ಎಂದೇ ಕಲಿಸಿದಂತೆ. ಮತ್ತೆ ಕಾಫಿಯಿಂದ ಶುರು ಮಾಡಿದೆ.

ಒಟ್ಟು ಆರು ವಾರ ಹಿಡಿಯಿತು. ಈಗಲೂ ಭಾನುವಾರ ಕೋಳಿಸಾರಿನ ವಾಸನೆಗೆ ಮುಂಗಾಲೊಂದು ಹೊಸ್ತಿಲು ದಾಟುತ್ತದೆ. ನಾನು ನೋಡಿದರೆ ಆ ಕಾಲು ತನ್ನದೇ ಅಲ್ಲವೆಂಬಂತೆ ಮುಖ ಆಚೆ ತಿರುಗಿಸಿ ಮೆಲ್ಲಗೆ ಎಳೆದುಕೊಳ್ಳುತ್ತಾನೆ. ದಸರೆಗೆ ಬಂದ ಚಿಕ್ಕಮ್ಮ "ಅಯ್ಯೋ ಪಾಪ, ಮೂಕ ಪ್ರಾಣಿ" ಎಂದು ವಡೆ ಹಿಡಿದು ಎದ್ದರು. ಅವರ ಕೈ ಹಿಡಿದು ಕೂರಿಸಿದ್ದು ಮಾವ.

ಹೊಸ ತೊಂದರೆಯೆಂದರೆ ಬಚ್ಚಲ ನಲ್ಲಿ. ಕೈ ತೊಳೆದ ಸದ್ದಾದ ಮೇಲೆ ಬಟ್ಟಲು ಬರುತ್ತದೆಂದು ಗುಂಡ ಗುರುತು ಹಾಕಿಕೊಂಡಿದ್ದಾನೆ. ಬೆಳಿಗ್ಗೆ ಗಿಡಕ್ಕೆ ಮಣ್ಣು ಹಾಕಿ ಮಾವ ಕೈ ತೊಳೆದರೂ ಹಿತ್ತಿಲ ಬಾಗಿಲಲ್ಲಿ ಹೋಗಿ ಕೂತಿರುತ್ತಾನೆ. "ಇನ್ನೂ ತಿಂಡೀನೇ ಆಗಿಲ್ಲ ಕಣೋ" ಎಂದು ಮಾವ ದಿನಾ ಅವನಿಗೆ ವಿವರಿಸುತ್ತಾರೆ.