ಕಂಪ್ಯೂಟರಿನ ಹಿತ್ತಲ ಬಾಗಿಲು ಯಾರೋ ತೆಗೆದಿಟ್ಟಿದ್ದಾರಾ?

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನನ್ನ ಮಾವನ ಮಗನ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಜೆರಾಕ್ಸ್, ಆನ್‌ಲೈನ್ ಅರ್ಜಿ ಎಲ್ಲಾ ಅಲ್ಲೇ. ಒಂದು ರಾತ್ರಿ ಫೋನ್ ಮಾಡಿದ. "ಭಾವ, ಮೌಸ್ ತಾನೇ ಓಡಾಡ್ತಾ ಇದೆ. ಆಂಟಿವೈರಸ್ ಆನ್ ಮಾಡಿದ್ರೆ ಮತ್ತೆ ಆಫ್ ಆಗುತ್ತೆ."

"ಈಗ ಏನ್ ಮಾಡ್ತಿದ್ದೀಯ?"

"ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸ್ತಾ ಇದೀನಿ."

"ಯಾವ ಕಂಪ್ಯೂಟರಲ್ಲಿ?"

"ಇದ್ರಲ್ಲೇ."

ತಲೆ ಚಚ್ಚಿಕೊಂಡೆ. ಬ್ಯಾಕ್‌ಡೋರ್ ಅಂದರೆ ಹಿತ್ತಲ ಬಾಗಿಲು. ಅದು ಒಳಗೆ ಸೇರಿದರೆ ಎಲ್ಲೋ ಕೂತವನಿಗೆ ನಿಮ್ಮ ಪರದೆ ಕಾಣಬಹುದು, ನೀವು ಒತ್ತುವ ಪ್ರತಿ ಕೀ ಗೊತ್ತಾಗಬಹುದು, ಬೇಕಾದ ಫೈಲ್ ಎತ್ತಿಕೊಂಡು ಹೋಗಿ ಬೇಡದ್ದನ್ನು ತಂದು ಹಾಕಲೂಬಹುದು. ಅಲ್ಲೇ ಕೂತು ಹೊಸ ಪಾಸ್‌ವರ್ಡ್ ಹೊಡೆದರೆ ಬೀಗ ಬದಲಾಯಿಸಿ ಕೀಲಿಯನ್ನು ಕಳ್ಳನಿಗೇ ಕೊಟ್ಟ ಹಾಗೆ.

ಮೊದಲು ನೆಟ್ ಕಿತ್ತು ಹಾಕಿ

ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಎಳೆಯಿರಿ. ನೆಟ್ ಇಲ್ಲದಿದ್ದರೆ ಆ ಕಡೆಯವನಿಗೆ ಹಿಡಿತ ಇಲ್ಲ. ಆಮೇಲೆ ಫೋನಿನಿಂದಲೋ ಬೇರೆ ಕಂಪ್ಯೂಟರಿನಿಂದಲೋ ಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿ. ಮೇಲ್ ಮೊದಲು, ಯಾಕಂದ್ರೆ ಬೇರೆ ಎಲ್ಲದರ ಪಾಸ್‌ವರ್ಡ್ ರೀಸೆಟ್ ಆಗುವುದು ಅದರ ಮೂಲಕ. ಹಾಗೇ ಎಲ್ಲಾ ಸಾಧನಗಳಿಂದಲೂ ಲಾಗೌಟ್ ಮಾಡಿ. ಬ್ರೌಸರಿನಲ್ಲಿ ಉಳಿದಿರುವ ಲಾಗಿನ್ ಕುಕೀ ಕದ್ದಿದ್ದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬರಬಹುದು. ದುಡ್ಡು ಹೋಗಿದ್ದರೆ ಮಿಕ್ಕಿದ್ದೆಲ್ಲ ಬಿಟ್ಟು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಎಲ್ಲಿ ಹುಡುಕುವುದು?

ಕಂಪ್ಯೂಟರ್ ಸ್ಲೋ ಆದ ಮಾತ್ರಕ್ಕೆ ಬ್ಯಾಕ್‌ಡೋರ್ ಅಲ್ಲ. ಹಳೇ ಹಾರ್ಡ್ ಡಿಸ್ಕ್ ಇದ್ದರೂ ಸ್ಲೋ ಆಗುತ್ತದೆ. ನಿಜ ಹೇಳಬೇಕೆಂದರೆ ಒಳ್ಳೇ ಬ್ಯಾಕ್‌ಡೋರ್ ಸದ್ದೇ ಮಾಡುವುದಿಲ್ಲ, ಇವನದು ಮೌಸ್ ಅಲ್ಲಾಡಿಸಿ ಸಿಕ್ಕಿಬಿತ್ತು ಅಷ್ಟೇ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಸ್ಟಾರ್ಟಪ್ ನೋಡಿ, ಕಂಪ್ಯೂಟರ್ ಆನ್ ಆದಾಗ ತಾವೇ ಶುರುವಾಗುವ ಪ್ರೋಗ್ರಾಂಗಳ ಪಟ್ಟಿ ಅದು. ಗುರುತಿಲ್ಲದ ಹೆಸರಿದ್ದರೆ ರೈಟ್ ಕ್ಲಿಕ್ ಮಾಡಿ ಫೈಲ್ ಎಲ್ಲಿದೆ ಅಂತ ತೆಗೆಯಿರಿ. ವಿಂಡೋಸಿನದೇ ಅನ್ನಿಸುವ ಹೆಸರಿಟ್ಟುಕೊಂಡು ಟೆಂಪ್ ಅಥವಾ ಆಪ್‌ಡೇಟಾ ಫೋಲ್ಡರಿನಲ್ಲಿ ಕೂತಿದ್ದರೆ ಅನುಮಾನ ಪಡಿ. ವಿಂಡೋಸಿನ ಒಳಗಿನ ಸೇವೆಗಳನ್ನು ನಡೆಸುವ ಅಸಲಿ 'ಎಸ್‌ವಿಸಿಹೋಸ್ಟ್' (svchost) ಇರುವುದು ವಿಂಡೋಸ್ ಫೋಲ್ಡರಿನೊಳಗೆ; ನಕಲಿಗಳು ಒಂದಕ್ಷರ ಆಚೀಚೆ ಮಾಡಿಕೊಂಡು ಬೇರೆಲ್ಲೋ ಇರುತ್ತವೆ. ಹೇಳಿಟ್ಟ ಹೊತ್ತಿಗೆ ಪ್ರೋಗ್ರಾಂಗಳನ್ನು ತಾನೇ ಓಡಿಸುವ ಟಾಸ್ಕ್ ಶೆಡ್ಯೂಲರ್ ಕೂಡ ಬಿಡಬೇಡಿ. ಫೈಲ್ ಅಳಿಸಿದರೂ ಮತ್ತೆ ಮತ್ತೆ ಹುಟ್ಟುತ್ತಿದ್ದರೆ ಬೇರು ಎಷ್ಟೋ ಸಲ ಅಲ್ಲೇ ಇರುತ್ತದೆ.

ಇವೆಲ್ಲ ಒಂದೇ ಕಡೆ ಕಾಣಬೇಕೆಂದರೆ ಮೈಕ್ರೋಸಾಫ್ಟಿನದೇ ಉಚಿತ ಸಾಧನ ಇದೆ, ಹೆಸರು ಆಟೋರನ್ಸ್. ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ. ಮೈಕ್ರೋಸಾಫ್ಟ್ ಎಂಟ್ರಿಗಳನ್ನು ಮರೆಮಾಡಿದರೆ ಪಟ್ಟಿ ಚಿಕ್ಕದಾಗುತ್ತದೆ. ಅನುಮಾನ ಬಂದದ್ದರ ಟಿಕ್ ತೆಗೆಯಿರಿ, ಡಿಲೀಟ್ ಮಾಡಬೇಡಿ. ತಪ್ಪಾದರೆ ಮತ್ತೆ ಟಿಕ್ ಹಾಕಬಹುದು.

ಇನ್ನು ಬಹಳ ಜನ ನೋಡದೇ ಬಿಡುವ ಜಾಗ, ವಿಂಡೋಸ್ ಸೆಕ್ಯುರಿಟಿಯ 'ಎಕ್ಸ್‌ಕ್ಲೂಷನ್ಸ್'. ಇದನ್ನು ಸ್ಕ್ಯಾನ್ ಮಾಡಬೇಡ ಅಂತ ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರಿಗೆ ಹೇಳಿಟ್ಟ ಪಟ್ಟಿ ಅದು. ನಮ್ಮ ಹುಡುಗನ ಕಂಪ್ಯೂಟರಿನಲ್ಲಿ ಇಡೀ ಸಿ ಡ್ರೈವೇ ಅದರಲ್ಲಿತ್ತು! ಡಿಸೈನ್ ಸಾಫ್ಟ್‌ವೇರಿನ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸುವ ಕಳ್ಳ ಪ್ರತಿ, ಎಲ್ಲಿಂದಲೋ ಇಳಿಸಿದ್ದ. ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ ಅಂತ ಅದರಲ್ಲಿ ಬರೆದಿತ್ತಂತೆ, ಇವನು ಮಾಡಿದ. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆಗೆದವನು ಇವನೇ. ನೀವು ಸೇರಿಸದ್ದು ಆ ಪಟ್ಟಿಯಲ್ಲಿ ಏನಿದ್ದರೂ ತೆಗೆದು ಹಾಕಿ.

ಸ್ಕ್ಯಾನ್

ಅದೇ ವಿಂಡೋಸ್ ಸೆಕ್ಯುರಿಟಿಯಲ್ಲಿ ಸ್ಕ್ಯಾನ್ ಆಪ್ಷನ್ಸ್ ಒಳಗೆ 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಆರಿಸಿ. ಮಾಡುತ್ತಿರುವ ಕೆಲಸ ಸೇವ್ ಮಾಡಿಕೊಳ್ಳಿ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಸುಮಾರು 15 ನಿಮಿಷದ ಕೆಲಸ. ವಿಂಡೋಸ್ ಪೂರ್ತಿ ಏಳುವ ಮುಂಚೆಯೇ ನಡೆಯುವುದರಿಂದ ಬಚ್ಚಿಟ್ಟುಕೊಂಡದ್ದಕ್ಕೆ ಓಡಾಡಲು ಜಾಗ ಇರುವುದಿಲ್ಲ. ಡಿಫೆಂಡರ್ ಅಪ್‌ಡೇಟ್ ಆಗಿ ವಾರಗಳೇ ಕಳೆದಿದ್ದರೆ ಅದರ ಅಪ್‌ಡೇಟ್ ಫೈಲನ್ನೂ ಪೆನ್‌ಡ್ರೈವಿನಲ್ಲೇ ತಂದು ಹಾಕಿ, ಆಮೇಲೆ ಸ್ಕ್ಯಾನ್ ಮಾಡಿ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಸಾಧನಗಳನ್ನು ಕೊಡುತ್ತಿದೆ, ಎರಡನೇ ಅಭಿಪ್ರಾಯಕ್ಕೆ ಅದೂ ಇರಲಿ.

ಸ್ಕ್ಯಾನಿನಲ್ಲಿ ಬ್ಯಾಕ್‌ಡೋರ್ ಸಿಕ್ಕೇಬಿಟ್ಟಿತು ಅಂದುಕೊಳ್ಳಿ. ಅಳಿಸಿದರೆ ಸಾಕಾ? ನನ್ನ ಪ್ರಕಾರ ಸಾಲದು. ಬಾಗಿಲು ತೆರೆದಿದ್ದ ದಿನಗಳಲ್ಲಿ ಇನ್ನೇನು ಒಳಗೆ ಬಂತು ಅಂತ ಯಾವ ಸ್ಕ್ಯಾನೂ ಗ್ಯಾರಂಟಿ ಕೊಡುವುದಿಲ್ಲ. ಬ್ಯಾಂಕ್ ಕೆಲಸ ಮಾಡುವ ಕಂಪ್ಯೂಟರ್ ಆದರೆ ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ. ಫೋಟೋ, ಪಿಡಿಎಫ್ ಥರದ್ದನ್ನು ಮಾತ್ರ ಉಳಿಸಿಕೊಳ್ಳಿ, ಇನ್‌ಸ್ಟಾಲ್ ಫೈಲುಗಳು ಬೇಡ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಸೈಟಿನಿಂದಲೇ ಮಾಡಿ. 8 ಜಿಬಿಯದು ಸಾಕು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ಕಂಪ್ಯೂಟರಿಗೆ ತಾಕತ್ತಿದ್ದರೆ ವಿಂಡೋಸ್ 11 ಹಾಕಿ.

ಎಲ್ಲಾ ಆದ ಮೇಲೆ ನೆಟ್ ಕೊಟ್ಟು, ಬ್ರೌಸರ್ ಮುಚ್ಚಿ, ರಿಸೋರ್ಸ್ ಮಾನಿಟರಿನಲ್ಲಿ ನೆಟ್‌ವರ್ಕ್ ಭಾಗ ನೋಡಿ. ಯಾವ ಪ್ರೋಗ್ರಾಂ ಹೊರಗೆ ಮಾತಾಡುತ್ತಿದೆ ಅಂತ ಕಾಣುತ್ತದೆ. ವಿಂಡೋಸಿನ ಹತ್ತಾರು ಇದ್ದೇ ಇರುತ್ತವೆ, ಗಾಬರಿ ಬೇಡ.

ನಮ್ಮವನು ಅಳುತ್ತಲೇ ಎಲ್ಲಾ ಅಳಿಸಿ ಹೊಸದಾಗಿ ಹಾಕಿದ. ಅಷ್ಟು ದಿನ ಆ ಕಂಪ್ಯೂಟರಿಗೆ ಚುಚ್ಚಿದ್ದ ಪೆನ್‌ಡ್ರೈವುಗಳು ಮೇಜಿನ ಡ್ರಾಯರಿನಲ್ಲಿ ಹಾಗೇ ಇದ್ದವು. ಅವನ್ನೂ ಫಾರ್ಮ್ಯಾಟ್ ಮಾಡಿಸಿಯೇ ಎದ್ದು ಬಂದೆ.