ಎರಡನೆಯವರಿಗೂ ಹೇಳಿಬಿಡುತ್ತೇನೆ

ಕಾಸರಗೋಡಿನ ಖಾಸಗಿ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಜನ ತೆಗೆದುಕೊಳ್ಳುವ ಹೊಣೆ ನನ್ನದು. ಅಕೌಂಟ್ಸ್, ಬಿಲ್ಲಿಂಗ್, ರಿಸೆಪ್ಶನ್, ಹೆಚ್ಚಾಗಿ ಇಂಥ ಹುದ್ದೆಗಳು. ಬರುವವರು ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಕಡೆಯವರು. ಹಲವರು ಮಂಗಳೂರಿನಲ್ಲೂ ಇಂಟರ್‌ವ್ಯೂ ಕೊಟ್ಟಿರುತ್ತಾರೆ, ಕೆಲವರ ಮನೆಯಲ್ಲಿ ಗಲ್ಫ್ ವೀಸಾದ ಮಾತು ನಡೆದಿರುತ್ತದೆ. ಇಂಟರ್‌ವ್ಯೂ ಆದ ಮೇಲೆ ಆಯ್ಕೆಯಾಯಿತೋ ಇಲ್ಲವೋ ಎಂದು ಹೇಳದೆ ನಾವು ಸುಮ್ಮನೆ ಕೂತರೆ ಅವರ ಆ ತೀರ್ಮಾನಗಳೂ ನಿಂತುಬಿಡುತ್ತವೆ.

ಸಂಸ್ಥೆಗಳು ಯಾಕೆ ಬಾಯಿ ಬಿಡುವುದಿಲ್ಲ ಎಂಬುದನ್ನು ಒಳಗಿದ್ದೇ ನೋಡಿದ್ದೇನೆ. ಆಯ್ಕೆಯಾದವರಿಗೆ ಹಳೆಯ ಕೆಲಸದಲ್ಲಿ ಒಂದರಿಂದ ಮೂರು ತಿಂಗಳ ನೋಟಿಸ್ ಇರುತ್ತದೆ. ಅಷ್ಟರೊಳಗೆ ಅವರು ಕೈಕೊಟ್ಟರೆ ಎಂಬ ಹೆದರಿಕೆಯಿಂದ ಆಯ್ಕೆಯ ಸಾಲಿನಲ್ಲಿ ಎರಡನೆಯವರಿಗೆ, ಮೂರನೆಯವರಿಗೆ ಏನನ್ನೂ ಹೇಳದೆ ಇಟ್ಟುಕೊಳ್ಳುತ್ತಾರೆ. ಅದು ಮರೆವಲ್ಲ, ಲೆಕ್ಕಾಚಾರ. ನನ್ನ ಪ್ರಕಾರ ಅನ್ಯಾಯ. ಸರ್ಕಾರಿ ಕೆಲಸಕ್ಕೆ ಜನರನ್ನು ಆರಿಸುವ ಕೇರಳ ಪಿಎಸ್‌ಸಿಯ ರ‍್ಯಾಂಕ್ ಪಟ್ಟಿಗೂ ಸಾಮಾನ್ಯವಾಗಿ 1ರಿಂದ 3 ವರ್ಷದ ಆಯುಸ್ಸಿದೆ, ಅಲ್ಲೂ ಕಾಯಬೇಕು. ಆದರೆ ಕಾಯುವವರಿಗೆ ತಾವು ಎಷ್ಟನೆಯವರೆಂದು ಗೊತ್ತಿರುತ್ತದೆ.

ಹಾಗಾಗಿ ಎರಡನೆಯವರಿಗೆ ನಾನೇ ಫೋನ್ ಮಾಡುತ್ತೇನೆ. “ಮೊದಲು ಇನ್ನೊಬ್ಬರನ್ನು ಕರೆದಿದ್ದೇವೆ. ಅವರು ಬಾರದಿದ್ರೆ ನೀವು. ಮುಂದಿನ ತಿಂಗಳು ಹತ್ತನೇ ತಾರೀಕಿನೊಳಗೆ ಹೇಳ್ತೇನೆ. ಅಷ್ಟರಲ್ಲಿ ಬೇರೆ ಕಡೆ ಸಿಕ್ಕಿದ್ರೆ ಸೇರಿಕೊಳ್ಳಿ, ನನಗೊಂದು ಮೆಸೇಜ್ ಹಾಕಿ.” ಹೀಗೆ ಹೇಳಿದರೆ ಒಳ್ಳೆಯವರು ತಪ್ಪಿಹೋಗುತ್ತಾರೆಂದು ನಮ್ಮ ಮಾಲೀಕರು ಮೊದಲು ಒಪ್ಪಲಿಲ್ಲ. ತಪ್ಪಿಹೋಗುವುದೂ ಉಂಟು. ಆದರೆ ಉಳಿದವರು ನಾವು ಕರೆದಾಗ ಫೋನ್ ಎತ್ತುತ್ತಾರೆ, ತಿಂಗಳ ಮೇಲೆ ಮತ್ತೊಂದು ಹುದ್ದೆ ಖಾಲಿಯಾದರೂ ಬರುತ್ತಾರೆ.

ಇಂಟರ್‌ವ್ಯೂ ಮುಗಿಸಿ ಏಳುವ ಮೊದಲೇ ಉತ್ತರದ ತಾರೀಕು ಮತ್ತು ನನ್ನ ನಂಬರ್ ಬರೆದುಕೊಡುತ್ತೇನೆ. ಆ ದಿನಕ್ಕೆ ತೀರ್ಮಾನವಾಗದಿದ್ದರೆ ಇನ್ನೂ ಆಗಿಲ್ಲ ಎಂಬ ಮೆಸೇಜಾದರೂ ಹೋಗಲೇಬೇಕು.

ಆಗುವುದಿಲ್ಲ ಎನ್ನುವಾಗ ಒಂದು ಕಾರಣ ಹೇಳುತ್ತೇನೆ. ಅದು ಕೆಲಸಕ್ಕೆ ಸಂಬಂಧಿಸಿದ್ದೇ ಆಗಿರಬೇಕು: ಟ್ಯಾಲಿ ಎಂಬ ಅಕೌಂಟ್ಸ್ ಸಾಫ್ಟ್‌ವೇರ್‌ನಲ್ಲಿ ಜಿಎಸ್‌ಟಿ ಲೆಕ್ಕ ಮಾಡಿ ಅನುಭವವಿದ್ದವರು ಸಿಕ್ಕಿದರು, ಅಷ್ಟೇ. ಅವರು ಸಲೀಸಾಗಿ ಮಾತಾಡಿದ ಭಾಷೆಯಲ್ಲೇ ಹೇಳುತ್ತೇನೆ, ಕನ್ನಡವಾದರೆ ಕನ್ನಡ, ಮಲಯಾಳವಾದರೆ ಮಲಯಾಳ. ಎಲ್ಲರಿಗೂ ಒಂದೇ ಇಂಗ್ಲಿಷ್ ಇಮೇಲ್ ಕಳಿಸುವುದು ನನಗೆ ಹಿಡಿಸದು.

ನಮ್ಮಲ್ಲಿ ಬಹಳ ನೋವು ಕೊಡುವ ಕಾರಣ ಇನ್ನೊಂದಿದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಲಯಾಳ ಮಾತು ಬರುತ್ತದೆ, ಬರೆಯಲು ತಡವರಿಸುತ್ತಾರೆ. ಇಂಟರ್‌ವ್ಯೂ ಎಲ್ಲ ಮುಗಿದ ಮೇಲೆ ಅದನ್ನು ಹೇಳುವುದು ಸರಿಯಲ್ಲ. ಮಲಯಾಳ ಬರವಣಿಗೆ ನಿಜಕ್ಕೂ ಬೇಕಾದ ಹುದ್ದೆಯಾದರೆ ಈಗ ಜಾಹೀರಾತಿನಲ್ಲೇ ಹಾಕುತ್ತೇವೆ. ಬೇಡದ ಹುದ್ದೆಗೆ ಆ ಪ್ರಶ್ನೆಯನ್ನೇ ಕೇಳುವುದಿಲ್ಲ.